ವರ್ತಕರ ನ್ಯಾಯ: ಅಯ್ಯಾವೊಳೆಯಿಂದ ತಿಕೋಟಾದವರೆಗೆ

ಪದವಿಪೂರ್ವ ಶಿಕ್ಷಣವನ್ನು ಮುಗಿಸಿ ಐದು ವರ್ಷಗಳ ಕಾನೂನು ಪದವಿಗೆ ಸೇರುವ ಯುವಕ ಯುವತಿಯರು ಇಂದು ವಿಜಯಪುರ ನಗರದಲ್ಲಿ ಮಾತ್ರವಲ್ಲದೆ ತಿಕೋಟಾ, ಬಬಲೇಶ್ವರಗಳಂತಹ ಊರುಗಳ ಮನೆಗಳಲ್ಲಿಯೂ ಕಂಡುಬರುತ್ತಾರೆ. ಅವರ ಪಠ್ಯಕ್ರಮದಲ್ಲಿ ಅಪರಾಧ ಕಾನೂನು, ಆಸ್ತಿ ಕಾನೂನುಗಳ ಜೊತೆಗೆ ದೇಶದೇಶಗಳ ವ್ಯಾಪಾರ ನಿಯಮಗಳನ್ನು ಹೋಲಿಸಿ ಅರಿಯುವ ವಿಷಯವೂ ಈಗ ಸೇರಿದೆ. ಇದನ್ನು ಕಂಡ ಹಿರಿಯರಲ್ಲಿ ಎರಡು ಬಗೆಯ ಸಂದೇಹಗಳು ಮೂಡುವುದು ಸಹಜ. ಒಕ್ಕಲುತನ ಮತ್ತು ಅಡತಿ ವ್ಯಾಪಾರಗಳಿಂದ ಬದುಕುವ ಸೀಮೆಯ ಮಕ್ಕಳಿಗೆ ಹಾಲೆಂಡ್, ಜರ್ಮನಿಗಳ ಕಾನೂನಿನಿಂದ ಆಗಬೇಕಾದುದೇನು ಎಂಬುದು ಮೊದಲನೆಯದು. ಇಂತಹ ವಿದ್ಯೆಯು ಕೊಟ್ಟ ಮಾತಿನಿಂದ ನುಣುಚಿಕೊಳ್ಳುವ ದಾರಿಗಳನ್ನು ಕಲಿಸುವುದೇ ಹೊರತು ಮಾತನ್ನು ಉಳಿಸಿಕೊಳ್ಳುವುದನ್ನು ಕಲಿಸೀತೆ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಈ ನೆಲದ ಇತಿಹಾಸವೂ ಶ್ರಾವಕಾಚಾರವೂ ಅವುಗಳನ್ನು ಬಹುಕಾಲದ ಹಿಂದೆಯೇ ಎದುರಿಸಿವೆ.

ಅಚೌರ್ಯವ್ರತದಲ್ಲಿ ವ್ಯಾಪಾರದ ಸ್ಥಾನ

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ಅಣುವ್ರತಗಳಿಗೆ ಒದಗುವ ಅತಿಚಾರಗಳನ್ನು ಹೇಳುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಪರಿಶೀಲಿಸಿದರೆ ಅವು ಬಹುಮಟ್ಟಿಗೆ ಅಂಗಡಿ ಮತ್ತು ಸಂತೆಗಳ ಸಂಗತಿಗಳೇ ಆಗಿರುವುದು ಗಮನಾರ್ಹ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೀಳು ಸರಕನ್ನು ಬೆರೆಸುವುದು ಇವು ಎಲ್ಲರಿಗೂ ತಿಳಿದ ದೋಷಗಳು. ಇವುಗಳ ನಡುವೆ 'ವಿರುದ್ಧರಾಜ್ಯಾತಿಕ್ರಮ' ಎಂಬ ಇನ್ನೊಂದು ದೋಷವಿದೆ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತಾ, ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ಬಗೆಯಲ್ಲಿ ಪಡೆಯುವುದೇ ಅತಿಕ್ರಮವೆಂದೂ, ಕ್ಷೋಭೆಗೊಂಡ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಗ್ಗಕ್ಕೆ ಸಿಗುತ್ತವೆಂದು ಯತ್ನಿಸುವುದು ಇದರಲ್ಲಿ ಸೇರುತ್ತದೆಂದೂ ತಿಳಿಸಿದ್ದಾರೆ. ರಾಜನ ನಿಷೇಧವನ್ನು ಮೀರಿ ಪರರಾಜ್ಯದಲ್ಲಿ ವ್ಯವಹರಿಸುವುದೂ ಇದೇ ದೋಷವೆಂದು ಬೇರೆ ವ್ಯಾಖ್ಯಾನಕಾರರು ಅರ್ಥೈಸಿದ್ದಾರೆ.

ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಗಡಿಯನ್ನು ದಾಟಿದೊಡನೆ ವರ್ತಕನ ಧರ್ಮವು ಸಡಿಲವಾಗುವುದಿಲ್ಲ. ತನ್ನ ಊರಿನಲ್ಲಿ ತಕ್ಕಡಿಯನ್ನು ಸರಿಯಾಗಿ ಹಿಡಿದವನು ಪರದೇಶದ ಕಟ್ಟಳೆಯನ್ನು ಮೀರಿ ಲಾಭ ಗಳಿಸಿದರೆ ಅದೂ ಕಳವಿನ ಅಂಶವೇ. ಹಾಗಾದರೆ ಪರದೇಶದ ಕಟ್ಟಳೆಯನ್ನು ತಿಳಿದುಕೊಳ್ಳುವುದು ವ್ರತಪಾಲನೆಗೆ ಅಗತ್ಯವಾದ ಸಾಧನವಾಯಿತು. ತಿಳಿಯದೆ ಇರುವ ನಿಯಮವನ್ನು ಪಾಲಿಸುವುದು ಯಾರಿಗೂ ಸಾಧ್ಯವಿಲ್ಲ.

ಅಯ್ಯಾವೊಳೆಯ ಐನೂರ್ವರು

ಈ ತತ್ತ್ವವು ಗ್ರಂಥದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಕರ್ನಾಟಕದ ಶಾಸನಗಳು ಸಾಕ್ಷಿಯಾಗಿವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ರಚನೆಯಾಗುವವರೆಗೆ ವಿಜಯಪುರ ಜಿಲ್ಲೆಗೇ ಸೇರಿದ್ದ ಐಹೊಳೆಯು ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಮೇಗುತಿ ಜಿನಾಲಯದಿಂದ ಜೈನರಿಗೆ ಪರಿಚಿತವಾದ ಸ್ಥಳ. ಅದೇ ಊರಿನ ಹೆಸರನ್ನು ಹೊತ್ತ 'ಅಯ್ಯಾವೊಳೆಯ ಐನೂರ್ವರು' ಎಂಬ ವರ್ತಕಸಂಘವು ಮಧ್ಯಯುಗದ ದಕ್ಷಿಣ ಭಾರತದ ಅತಿ ದೊಡ್ಡ ವ್ಯಾಪಾರ ಸಂಘಟನೆಗಳಲ್ಲಿ ಒಂದಾಗಿತ್ತು. ಜೈನ, ಶೈವ, ವೈಷ್ಣವರೆಂಬ ಭೇದವಿಲ್ಲದೆ ನಾನಾ ಮತಗಳ ವ್ಯಾಪಾರಿಗಳು ಅದರಲ್ಲಿದ್ದರು. ಅವರು ತಮ್ಮನ್ನು ವೀರಬಣಂಜು ಧರ್ಮದ ರಕ್ಷಕರೆಂದು ಕರೆದುಕೊಂಡರು. ಬಣಂಜು ಧರ್ಮವೆಂದರೆ ವ್ಯಾಪಾರಿಗಳು ತಮ್ಮೊಳಗೆ ಒಪ್ಪಿ ನಡೆಸಿಕೊಂಡು ಬಂದ ನಡವಳಿ. ಯೂರೋಪಿನ ಮಧ್ಯಯುಗದ ಜಾತ್ರೆಗಳಲ್ಲಿಯೂ ಬಂದರುಗಳಲ್ಲಿಯೂ ವರ್ತಕರು ತಮ್ಮದೇ ನ್ಯಾಯವನ್ನು ಬೆಳೆಸಿಕೊಂಡರೆಂದು ಇಂದಿನ ಕಾನೂನು ಪಠ್ಯಗಳು ಹೇಳುತ್ತವೆ. ಅದನ್ನು ಓದುವ ವಿದ್ಯಾರ್ಥಿಗೆ ಐಹೊಳೆಯ ಉದಾಹರಣೆಯು ಹತ್ತಿರದಲ್ಲಿಯೇ ಇದೆ.

ಈ ಸಂಘದ ವ್ಯಾಪ್ತಿಯು ಸಮುದ್ರದ ಆಚೆಗೂ ಹಬ್ಬಿತ್ತು. ಸುಮಾತ್ರಾ ದ್ವೀಪದ ಬಾರುಸ್ ಬಳಿಯ ಲೋಬು ತುವಾ ಎಂಬಲ್ಲಿ ದೊರೆತ ಶಕ 1010ರ, ಎಂದರೆ ಕ್ರಿ.ಶ. 1088ರ ತಮಿಳು ಶಾಸನವು ಐನೂರ್ವರನ್ನು ಹೆಸರಿಸುತ್ತದೆ. ಅಲ್ಲಿಗೆ ಬರುವ ಹಡಗುಗಳವರು ಸಲ್ಲಿಸಬೇಕಾದ ಶುಲ್ಕವನ್ನು ಚಿನ್ನದ ಲೆಕ್ಕದಲ್ಲಿ ಗೊತ್ತುಪಡಿಸಿದ ಸಂಗತಿಯು ಅದರಲ್ಲಿದೆ. ಕರ್ನಾಟಕದ ಊರಿನಿಂದ ಹೆಸರು ಪಡೆದ ಸಂಘವು, ತಮಿಳು ಭಾಷೆಯಲ್ಲಿ, ಕರ್ಪೂರಕ್ಕೆ ಹೆಸರಾದ ಪರದೇಶದ ಬಂದರಿನಲ್ಲಿ ಕಟ್ಟಳೆಯನ್ನು ಬರೆಸಿತೆಂದರೆ, ಅನೇಕ ದೇಶಗಳ ವರ್ತಕರಿಗೆ ಒಪ್ಪಿಗೆಯಾಗುವ ನಿಯಮವನ್ನು ರೂಪಿಸುವ ಅಭ್ಯಾಸವು ಆಗಲೇ ಇತ್ತೆಂದು ತಿಳಿಯಬಹುದು.

ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂಬಂಧಿಸಿದ 1204ರ ಶಾಸನಗಳು ಇನ್ನೊಂದು ನಿದರ್ಶನ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ ಈ ದಾನದಲ್ಲಿ ಸ್ಥಳೀಯ ವರ್ತಕರ ಜೊತೆಗೆ ಲಾಳ ಮತ್ತು ಮಲೆಯಾಳ ದೇಶಗಳ ವ್ಯಾಪಾರಿಗಳೂ ಕೂಡಿ, ಸರಕಿಗೆ ತಕ್ಕಂತೆ ಸುಂಕದ ಭಾಗಗಳನ್ನು ಬಸದಿಗೆ ಬಿಟ್ಟುಕೊಟ್ಟರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಗುಜರಾತ್, ಕೇರಳ, ಕರ್ನಾಟಕಗಳ ವ್ಯಾಪಾರಿಗಳು ಒಂದೇ ಕರಾರಿಗೆ ಬದ್ಧರಾದರು. ಬಸದಿಯ ನಿತ್ಯಪೂಜೆಯು ಪರನಾಡಿನ ವರ್ತಕರ ಮಾತಿನ ಮೇಲೆ ನಿಂತಿತ್ತು. ಮಂದಿರಗಳ ವಿಶ್ವಸ್ತರು ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಬಲವು ನ್ಯಾಯದ ವೇಷ ತೊಟ್ಟಾಗ

ಪರದೇಶದ ನಿಯಮಗಳೆಲ್ಲವೂ ಇಂತಹ ಒಪ್ಪಿಗೆಯಿಂದಲೇ ಹುಟ್ಟಿದವಲ್ಲ. ಇದನ್ನು ವಿಜಯಪುರವು ಕಷ್ಟದಿಂದ ಕಲಿಯಿತು. ಆದಿಲಶಾಹಿ ರಾಜ್ಯದ ಸಮೃದ್ಧಿಗೆ ಪಶ್ಚಿಮದ ಬಂದರುಗಳು ಆಧಾರವಾಗಿದ್ದವು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಗೆದ್ದುಕೊಂಡ ಮೇಲೆ ಕುದುರೆಗಳ ವ್ಯಾಪಾರವೂ ಅದರ ಸುಂಕವೂ ಆದಿಲಶಾಹರ ಕೈತಪ್ಪಿದವು. ಅಷ್ಟಕ್ಕೇ ನಿಲ್ಲದೆ ಪೋರ್ಚುಗೀಸರು 'ಕಾರ್ತಾಜ್' ಎಂಬ ರಹದಾರಿ ಪತ್ರವನ್ನು ಪಡೆಯದ ಹಡಗುಗಳನ್ನು ವಶಪಡಿಸಿಕೊಳ್ಳುವ ಕ್ರಮವನ್ನು ಜಾರಿಗೆ ತಂದರು. ತಲೆತಲಾಂತರದಿಂದ ಮುಕ್ತವಾಗಿ ಸಂಚರಿಸಿದ ಸಮುದ್ರದಲ್ಲಿ ದಾಭೋಳದಂತಹ ಬಂದರಿನ ವ್ಯಾಪಾರಿಯು ಪರರ ಪರವಾನಗಿಯನ್ನು ಬೇಡಬೇಕಾಯಿತು. ಗೋವೆಯ ಮುತ್ತಿಗೆಯು ಸಫಲವಾಗದೆ 1571ರಲ್ಲಿ ಸಂಧಿಯಾದಾಗಲೂ ಈ ರಹದಾರಿಯ ವ್ಯವಸ್ಥೆ ಕೊನೆಗೊಳ್ಳಲಿಲ್ಲ.

ಈ ಹಕ್ಕಿಗೆ ಬೌದ್ಧಿಕವಾದ ಪ್ರತಿವಾದವು ಹಾಲೆಂಡಿನಿಂದ ಬಂದಿತು. ಹ್ಯೂಗೊ ಗ್ರೋಷಿಯಸ್ 1609ರಲ್ಲಿ ಪ್ರಕಟಿಸಿದ 'ಮಾರೆ ಲಿಬೇರುಮ್' ಎಂಬ ಗ್ರಂಥದಲ್ಲಿ, ಸಮುದ್ರವು ಯಾರ ಸ್ವತ್ತೂ ಅಲ್ಲವೆಂದೂ ಪೂರ್ವದೇಶಗಳ ಅರಸರಿಗೆ ತಮ್ಮದೇ ಆದ ರಾಜ್ಯ ಮತ್ತು ಕಾನೂನುಗಳಿವೆಯೆಂದೂ ವಾದಿಸಿದನು. 1637ರಲ್ಲಿ, ಮುಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ, ವಿಜಯಪುರ ರಾಜ್ಯದ ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ಸ್ಥಾಪಿತವಾಯಿತು. ಆದರೆ ಮುಕ್ತ ಸಮುದ್ರದ ವಾದವನ್ನು ಮುಂದಿಟ್ಟ ಅದೇ ಡಚ್ಚರು ತಾವು ಬಲಗೊಂಡಲ್ಲಿ ರಹದಾರಿಯನ್ನೂ ಏಕಸ್ವಾಮ್ಯವನ್ನೂ ಹೇರಿದರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನನ್ನು ಬೋಧಿಸಿದ ಸಿ. ಎಚ್. ಅಲೆಕ್ಸಾಂಡ್ರೊವಿಚ್ ಅವರು 1967ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪೂರ್ವ ಸಮುದ್ರಗಳ ರಾಜ್ಯಗಳೂ ಯೂರೋಪಿನವರೂ ಮಾಡಿಕೊಂಡ ಸಂಧಿಗಳನ್ನು ಪರಿಶೀಲಿಸಿ, ರಾಷ್ಟ್ರಗಳ ನಡುವಣ ನ್ಯಾಯದ ಇತಿಹಾಸದಲ್ಲಿ ಏಷ್ಯದ ಪಾಲನ್ನು ತೋರಿಸಿಕೊಟ್ಟರು.

ಈ ಅಧ್ಯಾಯದಿಂದ ವಿದ್ಯಾರ್ಥಿಯು ಕಲಿಯಬೇಕಾದ ವಿವೇಕವಿದು: ನಿಯಮವೆಂದು ಬರೆದಿರುವುದೆಲ್ಲವೂ ನ್ಯಾಯವಲ್ಲ. ಯಾರು ಬರೆದರು, ಯಾರ ಒಪ್ಪಿಗೆಯಿಂದ ಬರೆದರು, ಎರಡೂ ಪಕ್ಷಕ್ಕೆ ಅದು ಸಮವಾಗಿ ಅನ್ವಯಿಸುವುದೆ ಎಂದು ಕೇಳಬೇಕು. ಒಂದೇ ದೇಶದ ಕಾನೂನನ್ನು ಮಾತ್ರ ಓದಿದವನಿಗೆ ಈ ಪ್ರಶ್ನೆಗಳು ಏಳುವುದೇ ಕಷ್ಟ. ಅನೇಕವನ್ನು ಹೋಲಿಸಿದವನಿಗೆ ಅವು ತಾವಾಗಿಯೇ ಏಳುತ್ತವೆ. ಸತ್ಯವನ್ನು ನಾನಾ ನಯಗಳಿಂದ ನೋಡಬೇಕೆಂಬ ಅನೇಕಾಂತದ ಅಭ್ಯಾಸವುಳ್ಳವರಿಗೆ ಈ ಕ್ರಮವು ಅಪರಿಚಿತವಾಗಲಾರದು.

ಕಂಪನಿಯ ಕಾಲದಿಂದ ಕರಾರು ಕಾಯ್ದೆಯವರೆಗೆ

ಮುಂಬಯಿ ಪ್ರಾಂತ್ಯದ 1827ರ 4ನೆಯ ರೆಗ್ಯುಲೇಷನ್ನಿನ 26ನೆಯ ಕಲಮು ನ್ಯಾಯಾಲಯಗಳು ಅನುಸರಿಸಬೇಕಾದ ಕ್ರಮವನ್ನು ಹೇಳಿತು. ಮೊದಲು ಸರ್ಕಾರದ ಶಾಸನಗಳು, ಅವಿಲ್ಲದಿದ್ದರೆ ದೇಶದ ರೂಢಿ, ಅದೂ ಇಲ್ಲದಿದ್ದರೆ ಪ್ರತಿವಾದಿಯ ಕಾನೂನು, ಕಡೆಗೆ ನ್ಯಾಯ, ಸಮತೆ ಮತ್ತು ಶುದ್ಧ ಅಂತಃಕರಣ. ವಾದಿ ಒಂದು ಸಮುದಾಯದವನು, ಪ್ರತಿವಾದಿ ಇನ್ನೊಂದು ಸಮುದಾಯದವನು ಆಗಿದ್ದಾಗ ನ್ಯಾಯಾಧೀಶನು ಎರಡು ಕಾನೂನುಗಳನ್ನು ತೂಗಿ ನೋಡಲೇಬೇಕಾಗಿತ್ತು. 1848ರಲ್ಲಿ ಸಾತಾರಾ ಸಂಸ್ಥಾನವು ವಿಲೀನವಾದ ಬಳಿಕ ವಿಜಯಪುರದ ಸೀಮೆಯು ಬ್ರಿಟಿಷರ ನೇರ ಆಡಳಿತಕ್ಕೆ ಬಂದಿತು. 1864ರಲ್ಲಿ ಕಲಾದಗಿ ಜಿಲ್ಲೆಯು ರಚಿತವಾಗಿ, 1885ರಲ್ಲಿ ಅದರ ಮುಖ್ಯಸ್ಥಾನವು ವಿಜಯಪುರಕ್ಕೆ ಬಂದಿತು.

1872ರ ಭಾರತೀಯ ಕರಾರು ಕಾಯ್ದೆಯು ಇಡೀ ವ್ಯವಹಾರಕ್ಕೆ ಒಂದೇ ಚೌಕಟ್ಟನ್ನು ಕೊಟ್ಟಿತು. ಆದರೂ ತನಗೆ ವಿರುದ್ಧವಲ್ಲದ ವ್ಯಾಪಾರದ ರೂಢಿಗಳನ್ನು ಮೊದಲನೆಯ ಕಲಮಿನಲ್ಲಿಯೇ ಉಳಿಸಿಕೊಂಡಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯು ದೇಶಭಾಷೆಗಳಲ್ಲಿ ಬರೆದ ಪತ್ರಗಳಿಗೆ ಸಂಬಂಧಿಸಿದ ಸ್ಥಳೀಯ ರೂಢಿಗೆ ಧಕ್ಕೆ ತಾರದೆಂದು ಹೇಳಿದ್ದರಿಂದ ಹುಂಡಿಯ ಪದ್ಧತಿಯು ಬದುಕಿತು. ಕೀರ್ದಿ ಖಾತೆಗಳ ಜೊತೆಗೆ ಹುಂಡಿಗಳನ್ನು ಬರೆಯುತ್ತಿದ್ದ ಪೇಟೆಯ ಸಾಹುಕಾರರ ನಡವಳಿಯೇ ಕಾನೂನಿನ ಮನ್ನಣೆ ಪಡೆಯಿತು.

ಕರಾರು ಕಾಯ್ದೆಯು ಭಾರತದಲ್ಲಿಯೇ ನಿಲ್ಲಲಿಲ್ಲ. ಪೂರ್ವ ಆಫ್ರಿಕಾದ ಬ್ರಿಟಿಷ್ ಪ್ರದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅದು ಜಾರಿಯಲ್ಲಿತ್ತು. ಅಲ್ಲಿ ನೆಲೆಸಿದ ಓಸವಾಲ ಜೈನ ವರ್ತಕರು ಇದೇ ಕಾಯ್ದೆಯ ಅಡಿಯಲ್ಲಿ ವ್ಯವಹರಿಸಿದರು. ಮಲೇಷಿಯಾದ 1950ರ ಕರಾರು ಕಾಯ್ದೆಯೂ ಇದರ ಮಾದರಿಯದೇ. ವಿಜಯಪುರದಲ್ಲಿ ಕರಾರು ಕಾಯ್ದೆಯನ್ನು ಚೆನ್ನಾಗಿ ಓದಿದ ವಿದ್ಯಾರ್ಥಿಗೆ ಕೌಲಾಲಂಪುರದ ಕಾನೂನಿನ ಅರ್ಧ ಬಾಗಿಲು ತೆರೆದಂತೆಯೇ ಸರಿ.

ಶಾಸ್ತ್ರವಾಗಿ ಬೆಳೆದ ಬಗೆ

ಕಾನೂನುಗಳನ್ನು ಹೋಲಿಸುವ ಅಧ್ಯಯನವು ಪ್ರತ್ಯೇಕ ಶಾಸ್ತ್ರವಾಗಿ ಗುರುತಿಸಿಕೊಂಡದ್ದು 1900ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನದಿಂದ. ವ್ಯಾಪಾರ ಕಾನೂನುಗಳ ಏಕರೂಪತೆಗಾಗಿ ವಿಶ್ವಸಂಸ್ಥೆಯು 1966ರಲ್ಲಿ ಅನ್ಸಿಟ್ರಾಲ್ ಎಂಬ ಆಯೋಗವನ್ನು ನೇಮಿಸಿತು. ಅದರ ಶ್ರಮದಿಂದ 1980ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಸರಕು ಮಾರಾಟದ ಒಪ್ಪಂದವು ಸಿದ್ಧವಾಗಿ 1988ರಲ್ಲಿ ಜಾರಿಗೆ ಬಂದಿತು. ಅಮೆರಿಕ, ಚೀನಾ, ಜರ್ಮನಿ, ಹಾಲೆಂಡ್ ಮೊದಲಾದವು ಇದರಲ್ಲಿ ಸೇರಿವೆ. ಭಾರತವೂ ಇಂಗ್ಲೆಂಡೂ ಸೇರಿಲ್ಲ. ಆದರೆ ವಿವಾದಗಳನ್ನು ಪಂಚರ ಮೂಲಕ ಬಗೆಹರಿಸುವ ವಿಷಯದಲ್ಲಿ ಭಾರತವು 1958ರ ನ್ಯೂಯಾರ್ಕ್ ಒಪ್ಪಂದವನ್ನು 1960ರಲ್ಲಿಯೇ ಅಂಗೀಕರಿಸಿತು. 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯ್ದೆಯನ್ನು ಅನ್ಸಿಟ್ರಾಲಿನ 1985ರ ಮಾದರಿಯ ಮೇಲೆ ರಚಿಸಿತು.

ಸ್ವಾತಂತ್ರ್ಯಪೂರ್ವದಲ್ಲಿ ಈ ಭಾಗದ ವಿದ್ಯಾರ್ಥಿಗಳು ಕಾನೂನು ಪದವಿಗಾಗಿ ಪುಣೆಗೋ, 1939ರಲ್ಲಿ ಆರಂಭವಾದ ಬೆಳಗಾವಿಯ ಕಾನೂನು ಕಾಲೇಜಿಗೋ ಹೋಗಬೇಕಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಐದು ವರ್ಷಗಳ ಪದವಿಯ ತರಗತಿಗಳು ಆರಂಭವಾದವು. 2008ರ ಭಾರತೀಯ ವಕೀಲರ ಪರಿಷತ್ತಿನ ಶಿಕ್ಷಣ ನಿಯಮಗಳು ಪದವಿ ಹಂತದ ಐಚ್ಛಿಕ ವಿಷಯಗಳಲ್ಲಿ ವಾಣಿಜ್ಯ ಕಾನೂನು ಮತ್ತು ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಎಂಬ ಗುಂಪುಗಳಿಗೆ ಸ್ಥಾನ ಕೊಟ್ಟವು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ವಿಜಯಪುರ ನಗರದಲ್ಲಿಯೇ ಅಂಜುಮನ್ ಕಾನೂನು ಕಾಲೇಜು ಇದೆ. ಹಿಂದೆ ವಿಲಾಯತಿಗೆ ಹೋಗಿ ಬ್ಯಾರಿಸ್ಟರರಾದವರಿಗೆ ಮಾತ್ರ ದೊರೆಯುತ್ತಿದ್ದ ವಿದ್ಯೆಯ ಮೊದಲ ಪಾಠಗಳು ಈಗ ಮನೆಯ ಸಮೀಪಕ್ಕೆ ಬಂದಿವೆ.

ಒಂದು ಪತ್ರ, ಮೂರು ನ್ಯಾಯ

ಈ ಅಧ್ಯಯನದ ಸ್ವರೂಪವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ತಿಕೋಟಾದ ಒಬ್ಬ ವ್ಯಾಪಾರಿಗೆ ಪರದೇಶದವನು ಒಣದ್ರಾಕ್ಷಿಯ ಬೆಲೆಯನ್ನು ಸೂಚಿಸಿ ಪತ್ರ ಬರೆದನೆಂದು ಇಟ್ಟುಕೊಳ್ಳೋಣ. ಇವನು ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದನು. ಕರಾರು ಯಾವಾಗ ಪೂರ್ಣವಾಯಿತು? ಉಣ್ಣೆಯ ಮಾರಾಟಕ್ಕೆ ಸಂಬಂಧಿಸಿದ 1818ರ ಒಂದು ತೀರ್ಪಿನಿಂದ ಬೆಳೆದು ಬಂದ ಇಂಗ್ಲೆಂಡಿನ ನಿಯಮದಂತೆ, ಅಂಚೆಗೆ ಹಾಕಿದ ಕ್ಷಣದಲ್ಲಿಯೇ ಇಬ್ಬರೂ ಬದ್ಧರು. ಭಾರತದ ಕರಾರು ಕಾಯ್ದೆಯ 4 ಮತ್ತು 5ನೆಯ ಕಲಮುಗಳ ಪ್ರಕಾರ ಪ್ರಸ್ತಾವ ಮಾಡಿದವನು ಆಗಲೇ ಬದ್ಧನು. ಆದರೆ ಒಪ್ಪಿದವನು, ಪತ್ರವು ಆ ಕಡೆಯವನ ತಿಳಿವಿಗೆ ಬರುವವರೆಗೆ ಅದನ್ನು ಹಿಂತೆಗೆದುಕೊಳ್ಳಬಹುದು. ವಿಯೆನ್ನಾ ಒಪ್ಪಂದದಂತೆ ಒಪ್ಪಿಗೆಯು ಪ್ರಸ್ತಾವ ಮಾಡಿದವನನ್ನು ತಲುಪಿದಾಗ ಮಾತ್ರ ಅದು ಪರಿಣಾಮಕಾರಿ. ಒಂದೇ ಪತ್ರಕ್ಕೆ ಮೂರು ನ್ಯಾಯಗಳಾದವು. ದೂರವಾಣಿಯಲ್ಲಿ ಒಪ್ಪಿದರೆ ಏನು ಗತಿ ಎಂಬ ಪ್ರಶ್ನೆಯು ಹತ್ತಿಕಾಳಿನ ಹಿಂಡಿಯ ವ್ಯವಹಾರವೊಂದರಲ್ಲಿ 1965ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಒಪ್ಪಿಗೆಯ ಮಾತು ಕೇಳಿಬಂದ ಸ್ಥಳದಲ್ಲಿಯೇ ಕರಾರು ಏರ್ಪಡುವುದೆಂದು ಬಹುಮತದ ತೀರ್ಪಾಯಿತು.

ಇನ್ನೊಂದು ಸೂಕ್ಷ್ಮವಿದೆ. ಭಾರತವು ವಿಯೆನ್ನಾ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ ಅದು ನಮ್ಮ ವ್ಯಾಪಾರಿಗೆ ತಟ್ಟುವುದಿಲ್ಲವೆಂದು ಭಾವಿಸುವುದು ತಪ್ಪು. ಕರಾರಿನಲ್ಲಿ ಹಾಲೆಂಡಿನ ಕಾನೂನು ಅನ್ವಯಿಸುವುದೆಂದು ಬರೆದು ಸಹಿ ಮಾಡಿದರೆ, ಬೇಡವೆಂದು ಸ್ಪಷ್ಟವಾಗಿ ಹೇಳದ ಹೊರತು ಆ ಒಪ್ಪಂದವೂ ಅದರೊಡನೆ ಬರುತ್ತದೆ, ಏಕೆಂದರೆ ಅದು ಅಲ್ಲಿನ ಕಾನೂನಿನ ಭಾಗವೇ ಆಗಿದೆ. ಮಾಲಿನಲ್ಲಿ ದೋಷವಿದೆಯೆಂದು ಕೊಂಡವನು ಎಷ್ಟು ಕಾಲದೊಳಗೆ ತಿಳಿಸಬೇಕು, ತಿಳಿಸದಿದ್ದರೆ ಯಾವ ಹಕ್ಕನ್ನು ಕಳೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಆಗ ನಮ್ಮ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಉತ್ತರವನ್ನು ಹುಡುಕಿ ಫಲವಿಲ್ಲ. ಬೇಗ ಕೆಡುವ ಹಣ್ಣಿನ ವ್ಯಾಪಾರದಲ್ಲಿ ಇಂತಹ ಒಂದು ಸಾಲು ಇಡೀ ವರ್ಷದ ದುಡಿಮೆಯನ್ನು ನಿರ್ಣಯಿಸಬಲ್ಲದು.

ದ್ರಾಕ್ಷಿಯ ತೋಟದ ಬಾಗಿಲಿಗೆ ಬಂದ ಕಾನೂನು

ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಒಣಭೂಮಿಯಲ್ಲಿ ದ್ರಾಕ್ಷಿಯು ಇಂದು ಮುಖ್ಯವಾದ ಬೆಳೆ. ಕೃಷ್ಣೆಯ ನೀರನ್ನು ಎತ್ತಿ ಹರಿಸುವ ತುಬಚಿ ಬಬಲೇಶ್ವರ ಏತ ನೀರಾವರಿಯಂತಹ ಯೋಜನೆಗಳು ಈ ಭಾಗದ ಬೇಸಾಯದ ಮುಖವನ್ನು ಬದಲಿಸಿವೆ. ಇಲ್ಲಿಯ ಒಣದ್ರಾಕ್ಷಿಯು ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಗಳ ಪೇಟೆಗಳಿಗೂ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಎಲ್ಲಿ ಹೋಯಿತು, ಯಾವ ನಿಯಮಕ್ಕೆ ಒಳಪಟ್ಟಿತು ಎಂಬುದು ಬೆಳೆದವನಿಗೆ ಹಲವು ವೇಳೆ ತಿಳಿಯುವುದೇ ಇಲ್ಲ.

2010ರಲ್ಲಿ ಭಾರತದ ದ್ರಾಕ್ಷಿಯ ಕಂಟೇನರುಗಳು ಯೂರೋಪಿನಲ್ಲಿ ತಡೆಹಿಡಿಯಲ್ಪಟ್ಟವು. ಬಳ್ಳಿಯ ಬೆಳವಣಿಗೆಯನ್ನು ಹದಗೊಳಿಸಲು ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಶೇಷವು ಅಲ್ಲಿನ ಮಿತಿಯನ್ನು ಮೀರಿತ್ತೆಂಬುದು ಕಾರಣ. ಬೆಳೆಗಾರರಿಗೂ ರಫ್ತುದಾರರಿಗೂ ಭಾರಿ ನಷ್ಟವಾಯಿತು. ಇಲ್ಲಿ ಕಾನೂನಿನ ಪ್ರಶ್ನೆಯೂ ಧರ್ಮದ ಪ್ರಶ್ನೆಯೂ ಒಂದಾಗಿ ನಿಲ್ಲುತ್ತವೆ. ನಷ್ಟವನ್ನು ಯಾರು ಹೊರಬೇಕು, ಕರಾರಿನಲ್ಲಿ ಯಾವ ದೇಶದ ಗುಣಮಟ್ಟವನ್ನು ಬರೆದಿತ್ತು ಎಂಬುದು ಕಾನೂನು. ತಿನ್ನುವವನ ದೇಹಕ್ಕೆ ಹಾನಿಯಾಗಬಾರದೆಂಬುದು ಅಹಿಂಸೆ. ಅಜ್ಞಾನದಿಂದ ಒದಗಿದ ಅತಿಕ್ರಮವು ಉದ್ದೇಶಪೂರ್ವಕವಾದ ಅತಿಕ್ರಮಕ್ಕೆ ಸಮಾನವಲ್ಲವಾದರೂ ಸರಕು ತಿರಸ್ಕೃತವಾಗುವುದನ್ನು ಅದು ತಪ್ಪಿಸಲಾರದು.

ವಿದ್ಯೆಯ ಎರಡು ದಾರಿಗಳು

ಆರಂಭದಲ್ಲಿ ಹೇಳಿದ ಎರಡನೆಯ ಸಂದೇಹಕ್ಕೆ ಈಗ ಬರಬಹುದು. ನಾನಾ ದೇಶಗಳ ಕಾನೂನನ್ನು ಬಲ್ಲವನ ಮುಂದೆ ಎರಡು ದಾರಿಗಳಿವೆ. ಎಲ್ಲಿ ಕಾನೂನು ದುರ್ಬಲವೋ ಅಲ್ಲಿಗೆ ವ್ಯವಹಾರವನ್ನು ಸಾಗಿಸಿ, ತೆರಿಗೆಯನ್ನೂ ಹೊಣೆಯನ್ನೂ ತಪ್ಪಿಸಿಕೊಳ್ಳುವುದು ಒಂದು. ಎದುರು ಪಕ್ಷದವನು ಯಾವ ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳುವನೆಂದು ಮುಂಚೆಯೇ ಅರಿತು, ಇಬ್ಬರಿಗೂ ಒಂದೇ ಅರ್ಥ ಕೊಡುವ ಕರಾರನ್ನು ಬರೆದು, ಅದರಂತೆ ನಡೆಯುವುದು ಇನ್ನೊಂದು. ಮೊದಲನೆಯ ದಾರಿಯು ಎಷ್ಟೇ ಕಾನೂನುಬದ್ಧವಾಗಿ ತೋರಿದರೂ ಪೂಜ್ಯಪಾದರು ಹೇಳಿದ, ಕ್ಷೋಭೆಯ ರಾಜ್ಯದಲ್ಲಿ ಅಗ್ಗದ ಲಾಭವನ್ನು ಅರಸುವ ಯತ್ನಕ್ಕೆ ತೀರ ಹತ್ತಿರದ್ದು. ಎರಡನೆಯದು ಬಣಂಜು ಧರ್ಮದ ದಾರಿ.

ವಿದ್ಯೆಯು ಎರಡೂ ದಾರಿಗಳನ್ನು ತೋರಿಸುತ್ತದೆ. ಯಾವುದನ್ನು ಹಿಡಿಯಬೇಕೆಂಬುದನ್ನು ಕಾಲೇಜು ಒಂದೇ ಕಲಿಸಲಾರದು. ಅದು ಮನೆಯ ಸಂಸ್ಕಾರದಿಂದ ಬರಬೇಕು. ಹಾಗೆಂದು ವಿದ್ಯೆಯನ್ನೇ ದೂರವಿಡುವುದು ಪರಿಹಾರವಲ್ಲ. ಕರಾರಿನ ಭಾಷೆಯನ್ನು ಓದಲಾರದ ಪ್ರಾಮಾಣಿಕನು ಪರರ ಕಪಟಕ್ಕೆ ಸುಲಭವಾಗಿ ತುತ್ತಾಗುತ್ತಾನೆ. ಅವನ ಪ್ರಾಮಾಣಿಕತೆಯನ್ನು ನಂಬಿದ ರೈತನೂ ಅವನೊಡನೆಯೇ ಮುಳುಗುತ್ತಾನೆ.

ಈ ದಿಸೆಯಲ್ಲಿ ಮಂದಿರಗಳ ಟ್ರಸ್ಟುಗಳು ಮಾಡಬಹುದಾದ ಕಾರ್ಯಗಳು ದೊಡ್ಡ ವೆಚ್ಚದವಲ್ಲ. ದರ್ಗಾ ಭಾಗದ ಸಹಸ್ರಫಣಿ ಪಾರ್ಶ್ವನಾಥನ ದರ್ಶನಕ್ಕೆ ವಿಜಯಪುರಕ್ಕೆ ಬರುವ ಕುಟುಂಬಗಳಲ್ಲಿ ವ್ಯಾಪಾರಿಗಳೂ ಬೆಳೆಗಾರರೂ ಕಾನೂನು ವಿದ್ಯಾರ್ಥಿಗಳೂ ಇರುತ್ತಾರೆ. ಸ್ವಾಧ್ಯಾಯದ ಗ್ರಂಥಗಳ ಪಕ್ಕದಲ್ಲಿ ಕರಾರು ಕಾಯ್ದೆ, ಸರಕು ಮಾರಾಟ ಕಾಯ್ದೆ, ಮಧ್ಯಸ್ಥಿಕೆ ಕಾಯ್ದೆಗಳ ಒಂದು ಕಪಾಟನ್ನು ಇಡುವುದು, ಜಾತಿಮತಗಳ ಭೇದವಿಲ್ಲದೆ ಒಬ್ಬಿಬ್ಬರು ವಿದ್ಯಾರ್ಥಿಗಳ ಶುಲ್ಕವನ್ನು ಭರಿಸುವುದು, ದ್ರಾಕ್ಷಿಯ ಹಂಗಾಮಿಗೆ ಮೊದಲು ಬೆಳೆಗಾರರ ಕರಾರು ಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ದಿನವನ್ನು ಏರ್ಪಡಿಸುವುದು ಇವು ಯಾವ ಊರಿನ ಪಂಚರಿಗೂ ಸಾಧ್ಯವಾದ ಕೆಲಸಗಳು. ಎಂಟುನೂರು ವರ್ಷಗಳ ಹಿಂದೆ ಲಾಳ, ಮಲೆಯಾಳ ದೇಶಗಳ ವರ್ತಕರು ಬೆಳಗಾವಿಯ ಬಸದಿಗೆ ಕೊಟ್ಟ ಮಾತು ಕಲ್ಲಿನಲ್ಲಿ ಉಳಿದಿದೆ. ಶಾಸ್ತ್ರದಾನದ ಈ ರೂಪದಿಂದ ಬಸದಿಗಳು ವರ್ತಕರಿಗೆ ಆ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾಗುವುದು.